ಏಳನೇ ಅಂಶದ ತಕರಾರು

ಅಮೆರಿಕದ ಶಾಲೆಗಳಲ್ಲಿ ಜನಾಂಗಭೇದದ ಪಾಠ ಬೇಕೋ ಬೇಡವೋ ಅಂತ ಕಿತ್ತಾಡುವವರಲ್ಲಿ ಆ ಬಗ್ಗೆ ಇರೋ ಕಾನೂನನ್ನ ತೆಗೆದು ಓದಿದವರು ಕಮ್ಮಿ ಅನ್ಸುತ್ತೆ. ಒಕ್ಲಹೋಮಾ ರಾಜ್ಯದ ಎಚ್‌ಬಿ 1775 ಅನ್ನೋ ಕಾನೂನು ತಗೊಳ್ಳಿ, 2021ರ ಮೇನಲ್ಲಿ ಗವರ್ನರ್ ಕೆವಿನ್ ಸ್ಟಿಟ್ ಸಹಿ ಹಾಕಿದ್ದು. ಗುಲಾಮಗಿರಿ ಬಗ್ಗೆ ಪಾಠ ಮಾಡಬಾರದು ಅಂತ ಅದರಲ್ಲಿ ಎಲ್ಲೂ ಇಲ್ಲ. ಕಲಿಸಬಾರದ ಎಂಟು ವಿಚಾರಗಳ ಪಟ್ಟಿ ಇದೆ, ರಾಜ್ಯದ ಪಠ್ಯಕ್ರಮದಲ್ಲಿರುವುದಕ್ಕೆ ಅಡ್ಡಿಯಿಲ್ಲ ಅಂತಲೂ ಇದೆ. 1921ರಲ್ಲಿ ಅದೇ ರಾಜ್ಯದ ಟಲ್ಸಾ ನಗರದ ಗ್ರೀನ್‌ವುಡ್‌ನಲ್ಲಿ ಕಪ್ಪು ಜನರ ಕೇರಿಯನ್ನೇ ಸುಟ್ಟ ಹತ್ಯಾಕಾಂಡ ಆ ಪಠ್ಯಕ್ರಮದಲ್ಲೇ ಇದೆ!

ತೊಡಕಿರೋದು ಏಳನೆಯದರಲ್ಲಿ: ತನ್ನ ಜನಾಂಗದ ಕಾರಣಕ್ಕೆ ಯಾರಾದರೂ ಮುಜುಗರ, ಅಪರಾಧಿ ಭಾವ, ಸಂಕಟ ಪಡಬೇಕು ಅಂತ ಕಲಿಸಕೂಡದು. ‘ಪಡಬೇಕು’ ಅಂತ ಹೇಳೋದು ಬೇರೆ, ಪಾಠ ಕೇಳಿ ಮಗುವಿಗೆ ತಾನಾಗಿ ಸಂಕಟ ಆಗೋದು ಬೇರೆ. ದೂರು ಬರೆಯುವ ಸಿಟ್ಟಿನಲ್ಲಿ ಇದನ್ನ ಯಾರು ನೋಡ್ತಾರೆ?

2022ರ ಜುಲೈನಲ್ಲಿ ಇದೇ ಕಾನೂನು ಮುರಿದಿದ್ದಕ್ಕೆ ಅಂತ ರಾಜ್ಯ ಶಿಕ್ಷಣ ಮಂಡಳಿ ಟಲ್ಸಾ ಶಾಲಾ ಜಿಲ್ಲೆಯ ಮಾನ್ಯತೆಯನ್ನು ‘ಎಚ್ಚರಿಕೆ’ ದರ್ಜೆಗೆ ಇಳಿಸಿತು. ಕಾರಣ ಮಕ್ಕಳ ಪಾಠವಲ್ಲ, ಸಿಬ್ಬಂದಿಗೆ ಕೊಟ್ಟ ಒಂದು ತರಬೇತಿ. ದೂರು ಕೊಟ್ಟಿದ್ದೂ ಪೋಷಕರಲ್ಲ, ಶಿಕ್ಷಕರೊಬ್ಬರೇ.

ಅಲ್ಲಿನ ಮೇಷ್ಟ್ರುಗಳಿಗೆ ಉಳಿದಿರೋ ದಾರಿ ಅಂದ್ರೆ, ಪಾಠದ ಯೋಜನೆಯಲ್ಲಿ ಪಠ್ಯಕ್ರಮದ ಅಂಶದ ಸಂಖ್ಯೆ ನಮೂದಿಸಿ, ಟಲ್ಸಾ ಹತ್ಯಾಕಾಂಡದ ಬಗ್ಗೆ ರಾಜ್ಯ ಆಯೋಗವೇ 2001ರಲ್ಲಿ ಕೊಟ್ಟ ವರದಿಯ ಪುಟಗಳನ್ನ ಮಕ್ಕಳಿಂದಲೇ ಓದಿಸೋದು.