ಮಗುವಿನ ಅವ್ವ ಊಟ ಮಾಡಿದ್ದಾಳಾ?

ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಮನೆಯಲ್ಲಿ ದೊಡ್ಡ ಕಷ್ಟ ಬಂದಿರುವ ಮಗು ತರಗತಿಗೆ ಬಂದು ಕೂತರೆ ಅದಕ್ಕೆ ಏನು ಹೇಳಬೇಕು? ನನ್ನ ಉತ್ತರ ಅವರಿಗೆ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಮಗುವಿಗೆ ಏನು ಹೇಳೋದು ಅನ್ನೋದನ್ನ ಆಮೇಲೆ ನೋಡೋಣ, ಮೊದಲು ಅದರ ಅವ್ವ ಊಟ ಮಾಡಿದ್ದಾಳಾ, ರಾತ್ರಿ ನಿದ್ದೆ ಮಾಡಿದ್ದಾಳಾ ವಿಚಾರಿಸಿಕೊಂಡು ಬಾ ಅನ್ನುತ್ತೇನೆ.

ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ, ಮಲಪ್ರಭಾ ಹೊಳೆಗೆ ಹತ್ತಿರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ಈ ಪಾಠ ನನಗೆ ಸಿಕ್ಕಿದ್ದು 2019ರ ಪ್ರವಾಹದಲ್ಲಿ. ಕೊರೊನಾ ಕಾಲದಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು.

ಆ ವರ್ಷ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ನಮ್ಮ ಕಡೆ ಪಂಚಮಿ ಅಂದರೆ ಎಷ್ಟು ದೊಡ್ಡ ಹಬ್ಬ ಅಂತ ಗೊತ್ತಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಿರುತ್ತಾರೆ. ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳಿನ ಉಂಡಿ. ಮರಮರಕ್ಕೆ ಜೋಕಾಲಿ. ಆ ಸಂಭ್ರಮ ಇನ್ನೂ ಇಳಿದಿರಲಿಲ್ಲ, ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಡ್ಯಾಂನಿಂದ ನೀರು ಬಿಟ್ಟರು. ಬೆಣ್ಣೆಹಳ್ಳವೂ ತುಂಬಿ ಬಂತು. ನರಗುಂದದ ಕಡೆ ಕೊಣ್ಣೂರು, ಲಖಮಾಪುರ, ನಮ್ಮ ಕಡೆ ಹೊಳೆಆಲೂರು, ಮೆಣಸಗಿ, ಹೀಗೆ ದಂಡೆಯ ಊರುಗಳಿಗೆಲ್ಲ ನೀರು ನುಗ್ಗಿತು. ಕೈಗೆ ಬಂದಿದ್ದ ಹೆಸರು ಹೊಲದಲ್ಲೇ ಹೋಯಿತು. ಹತ್ತು ವರ್ಷದ ಹಿಂದೆ, 2009ರಲ್ಲೂ ಹೀಗೇ ಆಗಿತ್ತು. ಆಗಿನ ಪ್ರವಾಹದ ನಂತರ ಕಟ್ಟಿದ ಆಸರೆ ಮನೆಗಳು ನಮ್ಮ ಭಾಗದಲ್ಲಿ ಈಗಲೂ ಇವೆ. ಹಾಗಾಗಿ ಹಿರಿಯರಿಗೆ ಇದು ಎರಡನೇ ಪೆಟ್ಟು. ಮಕ್ಕಳಿಗೆ ಮೊದಲನೆಯದು.

ಪರಿಹಾರ ಕೇಂದ್ರಕ್ಕೆ ನಮ್ಮ ಜನ ಗಂಜಿ ಕೇಂದ್ರ ಅಂತಲೇ ಅನ್ನುತ್ತಾರೆ. ಅಲ್ಲಿ ನಮ್ಮನ್ನೆಲ್ಲ ಕೆಲಸಕ್ಕೆ ಹಾಕಿದ್ದರು. ಹಗಲು ಹೊತ್ತು ನೋಡಿದರೆ ಮಕ್ಕಳಿಗೆ ಏನೂ ಆಗಿಲ್ಲ ಅನ್ನಿಸುತ್ತಿತ್ತು. ಓಡಾಟ, ಕೇಕೆ, ಜಗಳ. “ಹುಡುಗರಿಗೇನ್ರೀ, ಅವಕ್ಕೇನ್ ತಿಳೀತೈತಿ” ಅಂತ ದೊಡ್ಡವರು ಅನ್ನುತ್ತಿದ್ದರು. ಕತ್ತಲಾದ ಮೇಲೆ ಬೇರೆಯೇ ಚಿತ್ರ. ಐದನೇ ತರಗತಿಯ ಹುಡುಗ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಬೆರಳು ಚೀಪೋದು ಬಿಟ್ಟು ಎಷ್ಟೋ ವರ್ಷ ಆಗಿದ್ದ ಹುಡುಗಿ ಮತ್ತೆ ಶುರು ಮಾಡಿದ್ದಳು. ಕೆಲವರಿಗೆ ಹೊಟ್ಟೆ ನೋವು, ವೈದ್ಯರು ನೋಡಿದರೆ ಹೊಟ್ಟೆಯಲ್ಲಿ ಏನೂ ಇಲ್ಲ.

ನಾನು ಗಮನಿಸಿದ್ದು ಏನೆಂದರೆ, ಮನೆ ಎಷ್ಟು ಹಾಳಾಗಿದೆ ಅನ್ನೋದಕ್ಕೂ ಮಗು ಎಷ್ಟು ಹೆದರಿದೆ ಅನ್ನೋದಕ್ಕೂ ನೇರ ಲೆಕ್ಕ ಕೂಡುತ್ತಿರಲಿಲ್ಲ. ಇದ್ದ ಮನೆಯೇ ಬಿದ್ದುಹೋಗಿದ್ದ ಒಬ್ಬ ಹುಡುಗ ಆರಾಮಾಗಿ ನಿದ್ದೆ ಮಾಡುತ್ತಿದ್ದ. ಅವನ ಅವ್ವ ಉಳಿದ ಹೆಂಗಸರ ಜೊತೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಅಳು ಬಂದರೆ ಅತ್ತು ಮತ್ತೆ ಮಾತಿಗೆ ಕೂರುತ್ತಿದ್ದಳು. ತವರಿಗೆ ಬಂದು ಸಿಕ್ಕಿಹಾಕಿಕೊಂಡಿದ್ದ ಇನ್ನೊಬ್ಬ ತಾಯಿ ಗೋಡೆ ಕಡೆ ಮುಖ ಮಾಡಿ ಕೂತುಬಿಟ್ಟಿದ್ದಳು. ಗಂಡನ ಮನೆಗೆ ನೀರು ಬಂದಿರಲಿಲ್ಲ. ಆದರೂ ಆಕೆಯ ಮಗಳು ಸೆರಗು ಬಿಡುತ್ತಿರಲಿಲ್ಲ, ಶೌಚಕ್ಕೂ ಒಬ್ಬಳೇ ಹೋಗುತ್ತಿರಲಿಲ್ಲ.

ಸಣ್ಣ ಮಗುವಿಗೆ ಪ್ರವಾಹ ಅಂದರೆ ಏನು ಅಂತ ಗೊತ್ತಾಗೋದು ಕಷ್ಟ. ಅವ್ವನ ಮುಖ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಹೊಸ ಶಬ್ದ ಕೇಳಿದ ಕೂಸು ಕೂಡ ಅಳಬೇಕೋ ನಗಬೇಕೋ ಅಂತ ಮೊದಲು ತಾಯಿಯನ್ನೇ ನೋಡುತ್ತದೆ, ಅಲ್ವಾ? ದೊಡ್ಡ ಆಪತ್ತಿನಲ್ಲೂ ಮಗು ಮಾಡೋದು ಅದನ್ನೇ. ಹಾಗಾಗಿ ತಾಯಿಗೆ ಮಾಡಿದ ಉಪಕಾರ ಮಗುವಿಗೆ ಮುಟ್ಟುತ್ತದೆ.

ನಾವು ಶಿಕ್ಷಕಿಯರು ಕೂಡಿ ಮೊದಲು ತಾಯಂದಿರ ಕಡೆ ಹೋದೆವು. ಒಂದು ಕೋಣೆಯ ಮೂಲೆಗೆ ಸೀರೆ ಕಟ್ಟಿ ಮರೆ ಮಾಡಿದೆವು. ಹಾಲುಣಿಸಲು, ಬಟ್ಟೆ ಬದಲಿಸಲು, ಸುಮ್ನೆ ಕೂತು ಅಳಲು ಒಂದು ಜಾಗ. ಮುಟ್ಟಿನ ಬಟ್ಟೆ, ಪ್ಯಾಡ್ ಬಗ್ಗೆ ಕೇಳಲು ನಾಚುತ್ತಿದ್ದರು, ನಾವೇ ತಂದು ಇಟ್ಟೆವು. ಮಧ್ಯಾಹ್ನ ಏಳನೇ ತರಗತಿ ಹುಡುಗಿಯರು ಸಣ್ಣ ಮಕ್ಕಳನ್ನು ಆಡಿಸುವ ಹೊತ್ತಿನಲ್ಲಿ ತಾಯಂದಿರು ಮಲಗಬಹುದು ಅಂತ ಹೇಳಿದೆವು. ಆ ಗೋಡೆ ಕಡೆ ತಿರುಗಿದ್ದ ತಾಯಿಗೆ ಊಟಕ್ಕೆ ಕರೆದರೆ “ಹುಡುಗಿ ಉಂಡ್ರ ಸಾಕ್ರೀ ಅಕ್ಕೋರ” ಅನ್ನುತ್ತಿದ್ದಳು. ಉಪದೇಶ ಮಾಡಲು ಹೋಗಲಿಲ್ಲ. ತಾಟು ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತು ನಾವೂ ಉಂಡೆವು. ಆಕೆ ಎರಡು ತುತ್ತು ತಿಂದಳು. ಮರುದಿನ ಅರ್ಧ ರೊಟ್ಟಿ. ಒಂದು ಸಂಜೆ ತಾನಾಗಿಯೇ “ನಾ ಬಡೀಲೇನ್ರೀ ರೊಟ್ಟಿ?” ಅಂತ ಎದ್ದು ಬಂದಳು. ಮಗಳು ಅಂದೂ ಜೊತೆಗೇ ಬಂದಳು, ಆದರೆ ಹಿಟ್ಟು ಸಿಕ್ಕಿದ ಕೂಡಲೇ ಸೆರಗು ಬಿಟ್ಟಳು.

ಮಕ್ಕಳಿಗೆ ಅಂತ ನಾವು ಮಾಡಿದ್ದು ದಿನಚರಿ. ಗಂಜಿ ಕೇಂದ್ರದಲ್ಲಿ ಹಗಲು ರಾತ್ರಿ ಒಂದೇ ಥರ ಇರುತ್ತದೆ, ಯಾವಾಗ ಏನಾಗುತ್ತದೋ ಗೊತ್ತಾಗೋದಿಲ್ಲ. ಅದೇ ಮಕ್ಕಳನ್ನು ಜಾಸ್ತಿ ಕಂಗಾಲು ಮಾಡುತ್ತದೆ. ಗಂಟೆ ಸಿಗಲಿಲ್ಲ, ತಾಟು ಬಡಿದು ಪ್ರಾರ್ಥನೆಗೆ ನಿಲ್ಲಿಸಿದೆವು. ನಾಡಗೀತೆ, ಹಾಜರಿ. ಹಾಜರಿಗೆ ಪುಸ್ತಕ ಇರಲಿಲ್ಲ, ಹೆಸರು ಕರೆಯೋದಷ್ಟೇ. ತನ್ನ ಹೆಸರು ಕರೆದಾಗ “ಹಾಜರ್ ರೀ” ಅನ್ನೋ ಧ್ವನಿಯಲ್ಲಿ ಎಷ್ಟು ಖುಷಿ ಇತ್ತು ಅಂತ ನಾನೇ ಕೇಳಿದ್ದೇನೆ. ಯಾರೋ ಪಂಚಮಿಯ ಹಗ್ಗ ಹೊತ್ತುಕೊಂಡೇ ಬಂದಿದ್ದರು. ಅದನ್ನು ಅಂಗಳದ ಮರಕ್ಕೆ ಕಟ್ಟಿದೆವು. ಜೋಕಾಲಿಗೆ ಸರದಿ ಇಟ್ಟ ಮೇಲೆ ಕಾಯೋದು, ಜಗಳ ಆಡೋದು, ರಾಜಿ ಆಗೋದು ಎಲ್ಲ ಶುರುವಾಯಿತು.

ನೋಡಲು ಬಂದವರಲ್ಲಿ ಕೆಲವರು ಮಕ್ಕಳನ್ನು ನಿಲ್ಲಿಸಿಕೊಂಡು, “ನೀರು ಬಂದಾಗ ಹೆಂಗನಿಸ್ತು, ಹೇಳು” ಅಂತ ಕೇಳುತ್ತಿದ್ದರು. ಇದನ್ನು ನಾವು ಗಟ್ಟಿಯಾಗಿ ತಡೆದೆವು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕೊಟ್ಟ ಮಾರ್ಗದರ್ಶನ ಕೂಡ ಇದನ್ನೇ ಹೇಳುತ್ತದೆ. ಆಪತ್ತು ಕಂಡವರನ್ನು ನಡೆದದ್ದು ಹೇಳು ಅಂತ ಒತ್ತಾಯ ಮಾಡಬಾರದು. ಅವರಾಗಿ ಹೇಳಿದರೆ ಕೇಳಬೇಕು. ಮಕ್ಕಳು ಹೇಳುವುದು ಆಟದಲ್ಲಿ, ಚಿತ್ರದಲ್ಲಿ, ಇಲ್ಲವೇ ಕೈ ತೊಳೆಯುವಾಗ ಪಕ್ಕದಲ್ಲಿ ನಿಂತು ಅರ್ಧ ಮಾತಿನಲ್ಲಿ.

ಆಟದ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ನೀರು ಇಳಿದ ಮೇಲೆ ಮನೆಗಳ ಸರ್ವೆ ನಡೆಯಿತು. ಪೂರ್ತಿ ಬಿದ್ದ ಮನೆ ಎ, ಅದಕ್ಕಿಂತ ಕಡಿಮೆ ಹಾನಿ ಆದರೆ ಬಿ, ಸಿ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಅಂತ ಸರ್ಕಾರ ಹೇಳಿತ್ತು. ಊರಿನ ಮಾತೆಲ್ಲ ಅದೇ ಆಗಿತ್ತು. ಶಾಲೆ ಅಂಗಳದಲ್ಲಿ ಮಕ್ಕಳು ಸರ್ವೆ ಆಟ ಶುರು ಮಾಡಿದರು. ಒಬ್ಬ ಕಡ್ಡಿ ಹಿಡಿದು ಅಳೆಯುವುದು, “ನಿಮ್ಮ ಮನಿ ಸಿ” ಅಂತ ಬರೆದುಕೊಳ್ಳುವುದು, ಇನ್ನೊಬ್ಬಳು ಅವ್ವನ ಹಾಗೆ ಸೊಂಟಕ್ಕೆ ಕೈ ಇಟ್ಟು ಜಗಳ ತೆಗೆಯುವುದು. ನಮ್ಮ ಸಹೋದ್ಯೋಗಿಯೊಬ್ಬರು ಇದನ್ನು ನಿಲ್ಲಿಸೋಣ ಅಂದರು. ನಾನು ಬೇಡ ಅಂದೆ. ತಮ್ಮ ಮನೆಯ ಗತಿ ಯಾರದೋ ಕೈಯಲ್ಲಿದೆ ಅನ್ನೋ ಭಯವನ್ನು ಮಕ್ಕಳು ತಮ್ಮ ಕೈಗೆ ತಂದುಕೊಳ್ಳೋದು ಹೀಗೆಯೇ. ದಿನ ಕಳೆದಂತೆ ಆಟದಲ್ಲಿ ಬದಲಾವಣೆ ಬಂತು. ಅಳೆದ ಮೇಲೆ ಮನೆ ಕಟ್ಟೋಕೆ ಶುರು ಮಾಡಿದರು. ಆಟ ಬದಲಾಗುತ್ತಿದ್ದರೆ ಮಗು ಸುಧಾರಿಸುತ್ತಿದೆ ಅಂತ ನಾನು ತಿಳಿದುಕೊಳ್ಳುತ್ತೇನೆ. ವಾರಗಟ್ಟಲೆ ಅದೇ ಆಟ, ಅದೇ ಕೊನೆ, ಆಡಿದ ಮೇಲೂ ಮುಖದಲ್ಲಿ ಹೆದರಿಕೆ ಇದ್ದರೆ ಆಗ ಗಮನ ಕೊಡಬೇಕು.

ಶಾಲೆ ಮತ್ತೆ ಶುರುವಾದ ಮೇಲೂ ಮೋಡ ಕಟ್ಟಿದರೆ ತರಗತಿಯ ಕಣ್ಣೆಲ್ಲ ಕಿಟಕಿ ಕಡೆ. ಪತ್ರಾಸಿನ, ಅಂದರೆ ತಗಡಿನ, ಶೆಡ್‌ನಲ್ಲಿ ಉಳಿದಿದ್ದ ಮಕ್ಕಳಿಗಂತೂ ಮಳೆ ಸಪ್ಪಳ ಕೇಳಿದರೆ ಸಾಕು, ಹೆದರಿಕೆ. “ಏನೂ ಆಗಂಗಿಲ್ಲ” ಅಂತ ಹೇಳೋದು ಸುಲಭ. ಆದರೆ ಆಗಿದ್ದನ್ನು ಕಣ್ಣಾರೆ ನೋಡಿದ ಮಗು ಅದನ್ನು ನಂಬೋದಿಲ್ಲ. ಆರು, ಏಳನೇ ತರಗತಿಗೆ ನಾನು ಡ್ಯಾಂನಿಂದ ಬಿಡುವ ನೀರಿನ ಕ್ಯುಸೆಕ್ ಲೆಕ್ಕ ಹೇಳಿಕೊಟ್ಟೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. 14 ಲೀಟರ್ ಹಿಡಿಯುವ ಕೊಡ ಆದರೆ ಸೆಕೆಂಡಿಗೆ ಎರಡು ಕೊಡ. ಪೇಪರಿನಲ್ಲಿ ಬರುವ ಸಂಖ್ಯೆಯನ್ನು ಕೊಡಕ್ಕೆ ಇಳಿಸಿ ಬೋರ್ಡ್ ಮೇಲೆ ಬರೆಯುತ್ತಿದ್ದೆವು. ಇಷ್ಟು ಬಿಟ್ಟರೆ ಹೊಳೆಯಲ್ಲೇ ಹೋಗುತ್ತದೆ, ಜಾಸ್ತಿ ಬಿಡುವಾಗ ಮೊದಲೇ ಡಂಗುರ ಹೊಡೆಯುತ್ತಾರೆ, ಆಗ ನಾವು ಯಾವ ದಾರಿಯಲ್ಲಿ ಎತ್ತರಕ್ಕೆ ಹೋಗೋದು, ಯಾರ ಕೈ ಹಿಡಿಯೋದು. ಭಯ ಪೂರ್ತಿ ಹೋಗಲಿಲ್ಲ. ಆದರೆ “ಅಕ್ಕೋರ, ಇವತ್ತ ಎಷ್ಟ್ ಬಿಟ್ಟಾರ್ರೀ?” ಅಂತ ಕೇಳುವ ಮಗು ಮೂಲೆಯಲ್ಲಿ ನಡುಗುತ್ತಾ ಕೂತಿರೋದಿಲ್ಲ.

ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳ ತಾಯಂದಿರಿಗೆ ಹೇಳಿದ್ದು ಒಂದೇ ಮಾತು. ಬೈಯಬೇಡಿ, ಬೇರೆಯವರ ಮುಂದೆ ಹೇಳಬೇಡಿ. ಮಗು ಬೇಕಂತ ಮಾಡುತ್ತಿಲ್ಲ, ಭಯ ಇಳಿದ ಹಾಗೆ ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ. ತಿಂಗಳು ದಾಟಿದರೂ ಮುಂದುವರಿದರೆ ವೈದ್ಯರಿಗೆ ತೋರಿಸಿ.

ಇನ್ನು ಅಪ್ಪಂದಿರು. ಇವರನ್ನು ತಲುಪೋದೇ ಕಷ್ಟ. ತಾಯಂದಿರು ಕೂಡಿ ಅಳುತ್ತಾರೆ, ಗಂಡಸರು ಕಟ್ಟೆ ಮೇಲೆ ಸುಮ್ಮನೆ ಕೂರುತ್ತಾರೆ, ಕೆಲವರು ಕುಡಿತಕ್ಕೆ ಇಳಿಯುತ್ತಾರೆ. ಕೈಗೆ ಬಂದ ಬೆಳೆ ಹೋಗಿದೆ, ಸಾಲ ಹಾಗೇ ಇದೆ. ಮಾತಾಡು ಅಂದರೆ ಮಾತಾಡೋದಿಲ್ಲ, ಕೆಲಸ ಕೊಟ್ಟರೆ ಬರುತ್ತಾರೆ. ಶಾಲೆಯ ಕೆಸರು ತೆಗೆಯಲು, ಬೆಂಚು ತೊಳೆಯಲು ನಾವು ಅಪ್ಪಂದಿರನ್ನೇ ಕರೆದೆವು. ಸಲಿಕೆ ಹಿಡಿದ ಕೈ ಓಡುತ್ತಿರುವಾಗ ಬಾಯಿ ತಾನಾಗಿ ಬಿಚ್ಚಿತು. ಅವರಲ್ಲಿ ಒಬ್ಬರು ಕೆಸರು ಎಳೆಯುತ್ತಲೇ “ಇದ್ದು ಏನ್ ಮಾಡೂದೈತ್ರೀ” ಅಂದರು. ಇಂಥ ಮಾತನ್ನು ಬೇಸರದ ಮಾತು ಅಂತ ಬಿಡಬಾರದು. ನಮ್ಮ ಮುಖ್ಯ ಗುರುಗಳು ಪಕ್ಕಕ್ಕೆ ಕರೆದು, “ಸಾಯೋ ವಿಚಾರ ಬರಾಕತ್ತೈತೇನಪಾ?” ಅಂತ ನೇರವಾಗಿ ಕೇಳಿದರು. ಹೀಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದ ಹಾಗೆ ಆಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೆ ಆಗೋದಿಲ್ಲ. ಕೇಳಿದರೆ ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ. ಅವರ ತಮ್ಮನನ್ನು ಕರೆಸಿ ಮಾತಾಡಿದೆವು, ಮನೆಯಲ್ಲಿದ್ದ ಎಣ್ಣೆ ಡಬ್ಬಿ, ಅಂದರೆ ಬೆಳೆಗೆ ಹೊಡೆಯುವ ಔಷಧ, ಬೇರೆ ಕಡೆ ಇಡಿಸಿದೆವು, ಆಮೇಲೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಅವರ ಮಗ ಈಗ ಹೈಸ್ಕೂಲು ಮುಗಿಸಿದ್ದಾನೆ.

ಮರುವರ್ಷ ಮಾರ್ಚ್‌ನಲ್ಲಿ ಕೊರೊನಾ ಬಂತು, ಶಾಲೆ ಮುಚ್ಚಿತು. ಆಗಸ್ಟ್‌ನಲ್ಲಿ ವಿದ್ಯಾಗಮ, ಅಂದರೆ ಮಕ್ಕಳಿದ್ದಲ್ಲಿಗೇ ಶಿಕ್ಷಕರು ಹೋಗಿ ಕಲಿಸುವ ಸರ್ಕಾರದ ಕಾರ್ಯಕ್ರಮ, ಶುರುವಾದಾಗ ನಾವು ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದೆವು. ಅದರಿಂದ ಆದ ದೊಡ್ಡ ಲಾಭ, ಮನೆಯ ಅಂಗಳಕ್ಕೇ ಹೋಗಿದ್ದು. ತಾಯಿ ತಂದೆಯರ ಮುಖ ನೋಡಲು ಸಿಕ್ಕಿತು.

2021ರ ಎರಡನೇ ಅಲೆಯಲ್ಲಿ ನಮ್ಮ ನಲಿ-ಕಲಿ ತರಗತಿಯ, ಅಂದರೆ ಚಟುವಟಿಕೆಯಿಂದ ಕಲಿಯುವ ಸಣ್ಣ ತರಗತಿಯ, ಒಬ್ಬ ಹುಡುಗನ ಅಪ್ಪ ತೀರಿಕೊಂಡರು. ಮಗುವಿಗೆ “ಅಪ್ಪ ಊರಿಗೆ ಹೋಗ್ಯಾನ” ಅಂತ ಹೇಳಿದ್ದರು. ಹೇಳಿದವರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ, ಇಂಥ ಮಾತನ್ನು ಆರು ವರ್ಷದ ಮಗುವಿಗೆ ಹೇಳಲು ಯಾರಿಗೆ ಬಾಯಿ ಬರುತ್ತದೆ? ಆದರೆ ಆ ಹುಡುಗ ಸಂಜೆ ಬಸ್ ಬರುವ ಹೊತ್ತಿಗೆ ಓಣಿ ತುದಿಗೆ ಹೋಗಿ ನಿಲ್ಲುತ್ತಿದ್ದ. ಬಾರದಿದ್ದಾಗ, ನಾನು ತುಂಟತನ ಮಾಡಿದ್ದಕ್ಕೇ ಅಪ್ಪ ಸಿಟ್ಟಾಗಿದ್ದಾನೆ ಅಂತ ಅಂದುಕೊಂಡಿದ್ದ. ಸಣ್ಣ ಮಕ್ಕಳು ಹೀಗೇ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ.

ಅವನ ಅವ್ವನ ಜೊತೆ ನಾನು ತುಂಬಾ ಹೊತ್ತು ಕೂತೆ. ಮೊದಲು ಆಕೆ ಅಳಲಿ ಅಂತ ಬಿಟ್ಟೆ. ಆಕೆಗೂ ಅಂತ್ಯಕ್ರಿಯೆ ಸರಿಯಾಗಿ ನೋಡಲು ಸಿಕ್ಕಿರಲಿಲ್ಲ. ಆಮೇಲೆ ಇಬ್ಬರೂ ಸೇರಿ ಮಾತು ಕೂಡಿಸಿದೆವು. ಮಲಗಿದ್ದಾನೆ ಅನ್ನೋದು ಬೇಡ, ಮಗು ಮಲಗಲು ಹೆದರುತ್ತದೆ. ದೇವರು ಕರೆದುಕೊಂಡ ಅನ್ನೋದೊಂದೇ ಹೇಳೋದು ಬೇಡ, ನನ್ನನ್ನೂ ಕರೆಯುತ್ತಾನಾ ಅಂತ ಕೇಳುತ್ತದೆ. ಹೇಳೋದನ್ನ ಆಕೆಯೇ ಹೇಳಬೇಕು, ನಾನು ಪಕ್ಕದಲ್ಲಿ ಇರುತ್ತೇನೆ ಅಂದೆ. ಆಕೆ ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ಹೇಳಿದಳು: “ಅಪ್ಪಗ ಭಾಳ ಜಡ್ಡಾಗಿತ್ತಪಾ. ಡಾಕ್ಟರ್ ಭಾಳ ನೋಡಿದ್ರು. ಅಪ್ಪ ಸತ್ತು ಹೋದ. ಇನ್ನ ಬರಂಗಿಲ್ಲ. ನೀ ಏನೂ ತಪ್ಪ್ ಮಾಡಿಲ್ಲ. ನಾ ನಿನ್ನ ಕೂಡ ಅದೀನಿ.” ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಗಾಡಿ ಯಾರ್ ಹೊಡೀತಾರ?” ಅಂತ ಕೇಳಿದ. ಮಕ್ಕಳ ಪ್ರಶ್ನೆ ಹೀಗೇ ಬರುತ್ತದೆ, ಅದಕ್ಕೂ ನಿಜವಾದ ಉತ್ತರ ಕೊಡಬೇಕು. “ಕಾಕಾ ಹೊಡೀತಾನ” ಅಂದಳು. ಅದೇ ಪ್ರಶ್ನೆಗಳನ್ನು ಅವನು ಮುಂದೆ ಎಷ್ಟೋ ಸಲ ಕೇಳಿದ, ಅವಳು ಪ್ರತಿ ಸಲ ಅದೇ ಉತ್ತರ ಕೊಟ್ಟಳು.

ಶಿಕ್ಷಕರು ವೈದ್ಯರಲ್ಲ. ಮಗು ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ, ಮಾತು ನಿಲ್ಲಿಸಿದರೆ, ತನಗೇ ನೋವು ಮಾಡಿಕೊಂಡರೆ, ಸಾಯುವ ಮಾತಾಡಿದರೆ ನಾನು ತಡ ಮಾಡೋದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳುತ್ತೇನೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ದೂರ ಹೋಗಲು ಆಗದವರಿಗೆ ಅದು ಅನುಕೂಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ, ಮನಸ್ಸಿನ ಕಷ್ಟಕ್ಕೆ ಫೋನಿನಲ್ಲೇ ಸಹಾಯ ಕೊಡುವ ಟೆಲಿ ಮಾನಸ್‌ನ ನಂಬರ್ 14416. ದಿನದ ಯಾವ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಈ ಎರಡೂ ನಂಬರ್‌ಗಳನ್ನು ನಮ್ಮ ಶಾಲೆಯಲ್ಲಿ ಬಿಸಿಯೂಟದ ಪಟ್ಟಿಯ ಪಕ್ಕದಲ್ಲಿ ಬರೆಸಿದ್ದೇವೆ, ಯಾಕಂದರೆ ಪಾಲಕರು ಬಂದಾಗ ಓದುವುದು ಆ ಗೋಡೆಯನ್ನೇ.

ಪಾಲಕರ ಸಭೆಯನ್ನು ಈಗ ಸಂಜೆ ಏಳಕ್ಕೆ ಇಡುತ್ತೇವೆ. ಹಗಲು ಇಟ್ಟರೆ ಅಪ್ಪಂದಿರು ಹೊಲದಲ್ಲಿರುತ್ತಾರೆ. ಚಹಾ, ಚುರುಮುರಿ ಕೊಟ್ಟು, ಮಕ್ಕಳ ಅಂಕಗಳ ಮಾತು ಎತ್ತುವ ಮೊದಲು ಒಬ್ಬೊಬ್ಬರನ್ನೇ ಕೇಳುತ್ತೇವೆ: ನೀವು ಹೆಂಗಿದ್ದೀರಿ, ನಿದ್ದಿ ಬರತೈತೇನು?