ವಾಲಿದ ಹಡಗು ಅಲ್ಲೇ ನಿಂತುಬಿಟ್ಟರೆ

ಭಾನುವಾರದಿಂದ ಮಾವ ಹೇಳಿದ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಅಕ್ಕನ ಮಗ ಬಿರುಗಾಳಿಗೆ ಸಿಕ್ಕ ಫ್ರಿಗೇಟ್ ಅನ್ನೋ ಯುದ್ಧನೌಕೆಯೊಂದರ ವಿಡಿಯೋ ತೋರಿಸುತ್ತಿದ್ದ. ಹಡಗಿನ ಮೂತಿ ಅಲೆಯೊಳಗೆ ಪೂರ್ತಿ ಮುಳುಗುತ್ತೆ, ಮುಂದಿನ ತೋಪು ಕಾಣೋದೇ ಇಲ್ಲ, ಆಮೇಲೆ ಎರಡೂ ಪಕ್ಕಕ್ಕೆ ನೀರು ಚೆಲ್ಲುತ್ತಾ ಮೇಲೇಳುತ್ತೆ. ಅವನು ಕ್ಷಿಪಣಿ ಎಷ್ಟಿವೆ ಅಂತ ಎಣಿಸುತ್ತಿದ್ದ. ನೌಕಾಪಡೆಯಲ್ಲಿ ದುಡಿದು ನಿವೃತ್ತರಾದ ಮಾವ ಹಡಗು ವಾಲೋದನ್ನೇ ನೋಡುತ್ತಿದ್ದರು.

"ಪಟ್ಟನೆ ನೆಟ್ಟಗಾಗುತ್ತಲ್ಲಾ ತಾತ, ಒಳ್ಳೇದಲ್ವಾ?"

"ಒಳಗಿರೋರನ್ನ ಕೇಳು, ಗೋಡೆಗೆ ಬಡ್ಕೋತಾರೆ. ಆದ್ರೂ ನನಗೆ ಅದರ ಭಯ ಇರ್ಲಿಲ್ಲ. ವಾಲಿದ್ದು ಒಂದು ಕ್ಷಣ ಅಲ್ಲೇ ನಿಂತುಬಿಡುತ್ತಲ್ಲ, ಅದರ ಭಯ."

ಅಲ್ಲೇ ನಿಂತುಬಿಡೋದು. ಹಡಗು ಅಗಲವಾಗಿದ್ದು ಭಾರ ಕೆಳಗಿದ್ದರೆ ಜೋರಾಗಿ ಜಗ್ಗಿ ಎದ್ದೇಳುತ್ತೆ, ಗುರಿ ಇಡೋದು, ಹೆಲಿಕಾಪ್ಟರ್ ಇಳಿಸೋದು ಎರಡೂ ಕಷ್ಟ. ತೋಪು, ರೇಡಾರ್ ಅಂತ ಮೇಲೆ ಮೇಲೆ ಭಾರ ಹೇರಿದರೆ ಓಲಾಟ ನಿಧಾನವಾಗುತ್ತೆ, ಹಿತವಾಗಿಯೂ ಇರುತ್ತೆ, ಆದರೆ ಮತ್ತೆ ಎತ್ತಿ ನಿಲ್ಲಿಸೋ ಬಲವೇ ಕಮ್ಮಿಯಾಗಿರುತ್ತೆ.

ಬ್ರಿಟನ್ನಿನ ಎಚ್‌ಎಂಎಸ್ ಕ್ಯಾಪ್ಟನ್ ಅನ್ನೋ ಯುದ್ಧನೌಕೆಯ ಕಥೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತೆ. ತಿರುಗುವ ತೋಪುಗಳಿಗೆ ಅಡ್ಡ ಬರಬಾರದು ಅಂತ ಅದರ ವಿನ್ಯಾಸ ಮಾಡಿದ ಕೌಪರ್ ಕೋಲ್ಸ್ ಡೆಕ್ ತಗ್ಗಿಸಿದ್ದ. ಕಟ್ಟುವಾಗ ಭಾರ ಜಾಸ್ತಿಯಾಗಿ ಅದು ನೀರಿನಿಂದ ಬರೀ ಎರಡು ಮೀಟರ್ ಎತ್ತರಕ್ಕೆ ಬಂತು, ಮೇಲೆ ಎತ್ತರದ ಹಾಯಿಕಂಬಗಳು ಬೇರೆ. ಸುಮಾರು 14 ಡಿಗ್ರಿ ವಾಲಿದರೆ ಡೆಕ್ಕಿನ ಅಂಚು ನೀರಿಗೆ. ಅಂಚು ಮುಳುಗಿದ ಮೇಲೆ ಆ ಕಡೆಯಿಂದ ಹಡಗನ್ನ ಎತ್ತಿಹಿಡಿಯೋಕೆ ಹೆಚ್ಚಿಗೆ ಏನು ಉಳಿಯುತ್ತೆ? 1870ರ ಸೆಪ್ಟೆಂಬರ್‌ನಲ್ಲಿ ಸ್ಪೇನಿನ ಫಿನಿಸ್ಟೆರ್ ಬಳಿ ರಾತ್ರಿಯ ಬಿರುಗಾಳಿಗೆ ಮಗುಚಿತು. ಸತ್ತವರು ಸುಮಾರು 480 ಜನ, ಕೋಲ್ಸ್ ಕೂಡ ಅದರಲ್ಲೇ ಇದ್ದ. ಅದೇ ಪಡೆಯಲ್ಲಿದ್ದ ಮೊನಾರ್ಕ್ ಹಡಗು ಮಾತ್ರ ಅದೇ ಬಿರುಗಾಳಿಯನ್ನ ತಡೆದುಕೊಂಡು ಉಳಿಯಿತು. ಅದರ ಡೆಕ್ ಎರಡರಷ್ಟು ಎತ್ತರ, ವಿನ್ಯಾಸ ಮಾಡಿದ್ದು ಎಡ್ವರ್ಡ್ ರೀಡ್. ಕ್ಯಾಪ್ಟನ್ ಬಗ್ಗೆ ಅನುಮಾನ ಎತ್ತಿದ್ದವನೂ ಅವನೇ. ಆದರೆ ಪತ್ರಿಕೆಗಳು ಕೋಲ್ಸ್ ಬೆನ್ನಿಗಿದ್ದವು. ಜನಕ್ಕೆ ತೋಪು ಕಾಣುತ್ತೆ, ಡೆಕ್ಕಿನ ಎತ್ತರ ಯಾರಿಗೆ ಕಾಣುತ್ತೆ?

ಅಷ್ಟಾದರೂ 1934ರಲ್ಲಿ ಜಪಾನಿನ ತೊಮೊಜುರು ಮಗುಚಿತು, ಪುಟ್ಟ ಹಡಗಿನ ಮೇಲೆ ಮಿತಿಮೀರಿ ಶಸ್ತ್ರ ಹೇರಿದ್ದರು. ಅದಾದ ಮೇಲೆ ಬೇರೆ ಹಡಗುಗಳ ಮೇಲ್ಭಾರ ಇಳಿಸಿದರು. ಇಳಿಸೋಕೆ ಸಾಧ್ಯ ಇತ್ತು ಅಂದ್ರೆ ಮೊದಲೇ ಇಳಿಸಬಹುದಿತ್ತಲ್ವಾ?

ಹೊಸ ಯುದ್ಧನೌಕೆ ನೀರಿಗಿಳಿದಾಗ ಶಸ್ತ್ರಗಳ ಪಟ್ಟಿ ಓದಿ ಚಪ್ಪಾಳೆ ಹೊಡೆಯೋರು, ಇಷ್ಟೆಲ್ಲ ಹೊತ್ತು ಎಷ್ಟು ಡಿಗ್ರಿವರೆಗೆ ವಾಲಿ ಎದ್ದೇಳುತ್ತೆ ಅಂತಲೂ ಕೇಳಬೇಕು. ಅಕ್ಕನ ಮಗ ಕೇಳಿದ. ಮಾವ ಪೇಪರ್ ತಗೊಂಡು ಹಡಗಿನ ಒಡಲನ್ನ ಅಡ್ಡ ಸೀಳಿದರೆ ಹೇಗೆ ಕಾಣುತ್ತೆ ಅಂತ ಬರೆದು ತೋರಿಸಿದರು.