ಭೀಮಾ ಏರುವ ಮುಂಚೆ

ಅಫಜಲಪುರದಲ್ಲಿ ಹನಿ ಮಳೆ ಇಲ್ಲದಿದ್ದರೂ ಭೀಮಾ ಹೊಳೆ ಏರಬಹುದು. ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ ಬರುತ್ತದೆ. ಮುಗಿಲು ನೋಡಿದರೆ ಸಾಲದು, ಅಲ್ಲಿಂದ ಎಷ್ಟು ಕ್ಯೂಸೆಕ್ ಬಿಟ್ಟರೆಂದು ದಿನಾ ಕೇಳಬೇಕು. 2020ರ ಅಕ್ಟೋಬರ್ ಪ್ರವಾಹ ಇನ್ನೂ ನೆನಪಿದೆಯಲ್ಲ?

ಎಷ್ಟೋ ಕಡೆ ಹೊಳೆಗಿಂತ ಮೊದಲು ಹಳ್ಳವೇ ದಾರಿ ಕಟ್ಟುತ್ತದೆ. ಹೊಳೆ ತುಂಬಿದರೆ ಹಳ್ಳದ ನೀರಿಗೆ ಇಳಿಯಲು ಜಾಗವಿಲ್ಲದೆ ಹಿಂದಕ್ಕೆ ಒತ್ತಿ ಸಣ್ಣ ಸೇತುವೆ ಮುಳುಗುತ್ತದೆ. ಮುದುಕರನ್ನು, ದನಕರುಗಳನ್ನು ಹಗಲಲ್ಲೇ ದಾಟಿಸಿ. ತೊಗರಿ ಚೀಲ ಮಾಳಿಗೆಗೆ.

ದಂಡೆಯ ಮೋಟರ್ ಎತ್ತುವಾಗ ಸ್ಟಾರ್ಟರ್ ಬಂದ್ ಮಾಡಿದರಷ್ಟೇ ಸಾಲದು. ನೀರು ಪೆಟ್ಟಿಗೆ ಮುಟ್ಟುವ ಮೊದಲೇ, ಒಣ ಕೈಯಿಂದ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಆಟೋ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಚಾಲೂ ಆಗುತ್ತದೆ, ಜೀವ ಹೋಗುವುದು ಅಲ್ಲೇ. ಮುಳುಗಿದ ಮೋಟರನ್ನು ಎರಡು ದಿನ ಬಿಸಿಲಿಗಿಟ್ಟು ಓಡಿಸಿದರೆ ಸುಟ್ಟೀತು: ವೈಂಡಿಂಗ್‌ನಲ್ಲಿ ತೇವ, ಬೇರಿಂಗ್‌ನಲ್ಲಿ ರಾಡಿ ಉಳಿದಿರುತ್ತದೆ. ತಂತಿಯ ಇನ್ಸುಲೇಷನ್ ಅಳೆಯುವ ಮೆಗ್ಗರ್‌ನಲ್ಲಿ 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಮತ್ತೆ ಒಣಗಿಸಿ.

ಕುಡಿಯುವ ನೀರಿಗೆ, ತಿಳಿಯಾದ ಮೇಲೆ 1000 ಲೀಟರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿ, ಒಂದು ತಾಸು ಬಿಡಿ. ರಾಡಿ ನೀರಿಗೆ ಹಾಕಿದರೆ ಕ್ಲೋರಿನ್ ಕೆಸರಿಗೇ ಖರ್ಚಾಗುತ್ತದೆ.

ಜಿಲ್ಲಾ ಸಹಾಯವಾಣಿ 1077. ಬಾಗಿಲ ಮೇಲೆ ಬರೆದಿಡಿ.